ರೆಸಿನ್ ತುಂಡುಗಳಿಂದ ವಿಮಾನದ ಮಾದರಿ: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಕೊಪ್ಪ ತಾಲ್ಲೂಕಿನ ಕಮ್ಮರಡಿಯಂಥ ಊರಿನಲ್ಲಿ ಮಳೆ ಹಿಡಿಯಿತೆಂದರೆ ತಿಂಗಳುಗಟ್ಟಲೆ ಮನೆಯೊಳಗೇ ಹೊತ್ತು ಕಳೆಯಬೇಕು. ಆಗ ಮಕ್ಕಳ ಕೈಗೆ, ಎಷ್ಟೋ ಸಲ ದೊಡ್ಡವರ ಕೈಗೂ, ಆನ್‌ಲೈನ್‌ನಲ್ಲಿ ತರಿಸಿದ ವಿಮಾನದ ಕಿಟ್ ಬರುತ್ತದೆ. ಅದರ ಜೊತೆ ಬೂದು ಬಣ್ಣದ ರೆಸಿನ್ ತುಂಡುಗಳ ಪೊಟ್ಟಣವೂ ಬಂತೆನ್ನಿ. ಮನೆಯವರ ಪ್ರಶ್ನೆ ಶುರು: "ಇದು ವಿಷವಂತೆ, ಹೌದಾ?" "ಮುಟ್ಟಿದರೆ ಕ್ಯಾನ್ಸರ್ ಬರುತ್ತಂತೆ?" "ಬೆಲ್ಲ ತಿಂದುಕೊಂಡು ಮಾಡಿದರೆ ಏನೂ ಆಗಲ್ಲವಂತೆ?"

ಈ ಮಾತುಗಳಲ್ಲಿ ಸ್ವಲ್ಪ ನಿಜವಿದೆ, ಹೆಚ್ಚು ಸುಳ್ಳಿದೆ. ಚುಟುಕಾಗಿ ಹೇಳುವುದಾದರೆ, ಪೂರ್ತಿ ಗಟ್ಟಿಯಾದ ರೆಸಿನ್ ತುಂಡನ್ನು ಮುಟ್ಟಿದರೆ ಅಪಾಯವಿಲ್ಲ. ಅಪಾಯ ಇರುವುದು ಅದರ ಧೂಳಿನಲ್ಲಿ, ಗಟ್ಟಿಯಾಗದ ದ್ರವದಲ್ಲಿ, ತಿನ್ನರ್‌ನ ಆವಿಯಲ್ಲಿ ಮತ್ತು ಅದನ್ನು ಸುಟ್ಟಾಗ ಬರುವ ಹೊಗೆಯಲ್ಲಿ. ಒಂದೊಂದನ್ನೇ ನೋಡೋಣ.

ಕನ್ವರ್ಷನ್ ಸೆಟ್ ಎಂದರೇನು?

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಿಟ್ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್‌ನದು. ಅದರಿಂದ ಒಂದು ಮಾದರಿಯ ವಿಮಾನ ಮಾತ್ರ ಆಗುತ್ತದೆ. ಅದೇ ವಿಮಾನದ ಬೇರೆ ರೂಪ ಬೇಕೆಂದರೆ ಮೂತಿ, ರೆಕ್ಕೆ, ಕಾಕ್‌ಪಿಟ್ ಮುಂತಾದ ಭಾಗ ಬದಲಿಸಬೇಕು. ಆ ಬದಲಿ ಭಾಗಗಳ ಪೊಟ್ಟಣವೇ ಕನ್ವರ್ಷನ್ ಸೆಟ್. ಸಣ್ಣ ಸಂಖ್ಯೆಯಲ್ಲಿ ತಯಾರಿಸಲು ಉಕ್ಕಿನ ಅಚ್ಚು ದುಬಾರಿ. ಆದ್ದರಿಂದ ರಬ್ಬರಿನ ಅಚ್ಚಿಗೆ ಪಾಲಿಯುರೆಥೇನ್ ರೆಸಿನ್ ಹೊಯ್ದು ಇವನ್ನು ಮಾಡುತ್ತಾರೆ. ಈಚೆಗೆ ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿದ ಸೆಟ್‌ಗಳೂ ಬರುತ್ತಿವೆ.

ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಬೆಂಗಳೂರಿನ ಎಚ್‌ಎಎಲ್ ಬ್ರಿಟನ್‌ನ ಫೋಲೆಂಡ್ ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನವನ್ನು ಪರವಾನಗಿ ಪಡೆದು ತಯಾರಿಸಿತು. 1965ರ ಯುದ್ಧದಲ್ಲಿ ಇದಕ್ಕೆ "ಸೇಬರ್ ಸ್ಲೇಯರ್" ಎಂಬ ಹೆಸರು ಬಂತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಹೋರಾಡಿ ಮಡಿದ ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಹಾರಿಸಿದ್ದೂ ನ್ಯಾಟ್ ವಿಮಾನವನ್ನೇ. ವಾಯುಪಡೆಯಲ್ಲಿ ಪರಮವೀರ ಚಕ್ರ ಪಡೆದವರು ಅವರೊಬ್ಬರೇ. ಮುಂದೆ ಎಚ್‌ಎಎಲ್ ಇದೇ ವಿಮಾನವನ್ನು ಸುಧಾರಿಸಿ "ಅಜೀತ್" ಮಾಡಿತು. ಅದರ ಮೊದಲ ಹಾರಾಟ 1975ರ ಮಾರ್ಚ್‌ನಲ್ಲಿ. ಇಂಧನ ತುಂಬುವ ಜಾಗವನ್ನು ರೆಕ್ಕೆಯೊಳಗೇ ಮಾಡಿದ್ದರಿಂದ ರೆಕ್ಕೆಯಡಿಯ ಜಾಗ ಆಯುಧಗಳಿಗೆ ಬಿಡುವಾಯಿತು. ಮೊದಲ ಅಜೀತ್‌ಗಳು ನ್ಯಾಟ್ ವಿಮಾನಗಳನ್ನೇ ಬದಲಿಸಿ ಮಾಡಿದವು. ಅಂದರೆ ನಿಜವಾದ ಅಜೀತ್ ಕೂಡ ಒಂದು "ಕನ್ವರ್ಷನ್"!

"ಒಂದು ಸೀಟು ತೆಗೆದರೆ ಅಜೀತ್ ಆಗುತ್ತೆ" – ನಿಜವೇ?

ಇಲ್ಲ. ಹಲವರ ಹಣ ಹಾಳಾಗುವುದು ಇಲ್ಲೇ. ಪೇಟೆಯಲ್ಲಿ ಸುಲಭವಾಗಿ ಸಿಗುವ ನ್ಯಾಟ್ ಕಿಟ್ ಸಾಮಾನ್ಯವಾಗಿ ಎರಡು ಸೀಟಿನ ಬ್ರಿಟಿಷ್ ತರಬೇತಿ ವಿಮಾನದ್ದು. ಬ್ರಿಟನ್‌ನ ರೆಡ್ ಆರೋಸ್ ತಂಡ 1965ರಿಂದ 1979ರವರೆಗೆ ಹಾರಿಸಿದ ಕೆಂಪು ವಿಮಾನ ಅದು. ನಮ್ಮ ವಾಯುಪಡೆಯದು ಒಂದೇ ಸೀಟಿನ ಯುದ್ಧವಿಮಾನ. ಕೆಂಪು ನ್ಯಾಟ್‌ನ ಚಿತ್ರ ಹಾಕಿ "ನಮ್ಮ ಸೇಬರ್ ಸ್ಲೇಯರ್" ಎಂದು ಯಾರಾದರೂ ಕಳಿಸಿದರೆ ಅದು ತಪ್ಪು.

ಎರಡರ ಅಳತೆಯೂ ಬೇರೆ. ಎರಡು ಸೀಟಿನದರ ರೆಕ್ಕೆಯ ಅಗಲ ತುದಿಯಿಂದ ತುದಿಗೆ ಸುಮಾರು 7.3 ಮೀಟರ್, ಒಂದು ಸೀಟಿನದು ಸುಮಾರು 6.7 ಮೀಟರ್. 1/72 ಅಳತೆ ಎಂದರೆ ನಿಜವಾದ ವಿಮಾನದ 72ನೇ ಒಂದು ಭಾಗ. ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು 10.2 ಸೆಂಟಿಮೀಟರ್, ಎರಡನೆಯದು ಸುಮಾರು 9.3 ಸೆಂಟಿಮೀಟರ್. ತರಬೇತಿ ವಿಮಾನದಲ್ಲಿ ಫಿರಂಗಿ ಇಲ್ಲ. ಯುದ್ಧವಿಮಾನದಲ್ಲಿ ಗಾಳಿ ಒಳಹೋಗುವ ಬಾಯಿಗಳ ಪಕ್ಕದಲ್ಲಿ 30 ಮಿಲಿಮೀಟರ್‌ನ ಎರಡು ಫಿರಂಗಿಗಳಿವೆ. ಮೂತಿ, ರೆಕ್ಕೆ, ಬಾಲ ಮೂರೂ ಬೇರೆ ಬೇರೆ. ಆದ್ದರಿಂದ ಸೆಟ್ ಕೊಳ್ಳುವ ಮೊದಲು ಅದು ಯಾವ ಕಿಟ್‌ಗೆ ಹೊಂದುತ್ತದೆ, ಯಾವ ಅಳತೆಯದು, ಏನೇನು ಭಾಗ ಕೊಟ್ಟಿದ್ದಾರೆ ಎಂದು ನೋಡಿ. 1/48ರ ಸೆಟ್ 1/72ರ ಕಿಟ್‌ಗೆ ಕೂರುವುದಿಲ್ಲ.

"ರೆಸಿನ್ ಮುಟ್ಟಿದರೇ ವಿಷ" – ನಿಜವೇ?

ಅಚ್ಚಿಗೆ ಹೊಯ್ಯುವ ಪಾಲಿಯುರೆಥೇನ್ ಎರಡು ದ್ರವಗಳ ಬೆರಕೆ. ಅದರಲ್ಲೊಂದು ಐಸೊಸಯನೇಟ್ ಎಂಬ ರಾಸಾಯನಿಕದ್ದು. 1984ರಲ್ಲಿ ಭೋಪಾಲ್‌ನಲ್ಲಿ ಸೋರಿದ ಅನಿಲವೂ ಇದೇ ಕುಟುಂಬದ್ದು. ಹಾಗಾಗಿ "ಇದು ಭೋಪಾಲ್ ವಿಷ" ಎಂಬ ಮಾತು ಹುಟ್ಟುವುದು ಸುಲಭ. ಆದರೆ ಭೋಪಾಲ್‌ನ ಮೀಥೈಲ್ ಐಸೊಸಯನೇಟ್ ಬಹುಬೇಗ ಆವಿಯಾಗುವ ವಸ್ತು. ಅಚ್ಚಿಗೆ ಹೊಯ್ಯುವ ರೆಸಿನ್‌ನಲ್ಲಿ ಸಾಮಾನ್ಯವಾಗಿ ಬಳಸುವುದು ತೀರಾ ಕಡಿಮೆ ಆವಿಯಾಗುವ ಬೇರೊಂದು ಬಗೆ. ಎರಡೂ ದ್ರವ ಬೆರೆತು ಗಟ್ಟಿಯಾದಾಗ ಐಸೊಸಯನೇಟ್ ರಾಸಾಯನಿಕ ಕ್ರಿಯೆಯಲ್ಲಿ ಮುಗಿದುಹೋಗುತ್ತದೆ. ನಿಮ್ಮ ಕೈಗೆ ಬರುವ ಗಟ್ಟಿ ತುಂಡು ಹೆಚ್ಚುಕಡಿಮೆ ಒಂದು ಪ್ಲಾಸ್ಟಿಕ್ ತುಂಡಿನಂತೆಯೇ.

ಎರಡು ಎಚ್ಚರಿಕೆ ಮಾತ್ರ ಬೇಕು. ಮೊದಲನೆಯದು, ದ್ರವ ರೆಸಿನ್ ತರಿಸಿ ಮನೆಯಲ್ಲೇ ಅಚ್ಚು ಹೊಯ್ಯುವವರಿಗೆ. ಐಸೊಸಯನೇಟ್ ಕೆಲವರಲ್ಲಿ ಅಸ್ತಮಾ ತರುತ್ತದೆ. ಒಮ್ಮೆ ದೇಹ ಅದಕ್ಕೆ ತಿರುಗಿಬಿದ್ದರೆ ಆಮೇಲೆ ಸ್ವಲ್ಪ ತಾಗಿದರೂ ಉಬ್ಬಸ ಬರಬಹುದು. ಮಕ್ಕಳಿಗೆ, ಅಸ್ತಮಾ ಇರುವವರಿಗೆ ಈ ಕೆಲಸ ಬೇಡವೇ ಬೇಡ. ಎರಡನೆಯದು, ತ್ರೀಡಿ ಪ್ರಿಂಟ್ ಮಾಡಿದ ತುಂಡು ಕೈಗೆ ಅಂಟಂಟಾಗಿದ್ದರೆ ಅದು ಪೂರ್ತಿ ಗಟ್ಟಿಯಾಗಿಲ್ಲ ಎಂದರ್ಥ. ಅದು ಚರ್ಮಕ್ಕೆ ಅಲರ್ಜಿ ತರಬಲ್ಲದು. ಕೈಗವಸು ಹಾಕಿ ಹಿಡಿದು, ಬಿಸಿಲಿನಲ್ಲಿಟ್ಟು ಗಟ್ಟಿಮಾಡಿ, ಆಮೇಲೆ ಬಳಸಿ.

ನಿಜವಾದ ಅಪಾಯ: ಧೂಳು

ರೆಸಿನ್ ಭಾಗದ ಕೆಳಗೆ ಅಚ್ಚಿಗೆ ಹೊಯ್ದಾಗ ಉಳಿದ ದಪ್ಪ ಬುಡ ಇರುತ್ತದೆ. ಅದನ್ನು ಸಣ್ಣ ಗರಗಸದಿಂದ ಕೊಯ್ದು, ಉಪ್ಪುಕಾಗದದಿಂದ ತಿಕ್ಕಿ ಸಮ ಮಾಡಬೇಕು. ಆಗ ಏಳುವ ಧೂಳು ಹಿಟ್ಟಿಗಿಂತ ನುಣುಪು. ದೊಡ್ಡ ಕಣಗಳನ್ನು ಮೂಗು ತಡೆಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣವು ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಒಂದು ದಿನದಲ್ಲಿ ಏನೂ ಕಾಣಿಸದಿರಬಹುದು. ಆದರೆ ಮಳೆಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ದಿನವೂ ತಿಕ್ಕಿದರೆ, ಆ ಧೂಳು ಮಾಡುವವರಿಗಷ್ಟೇ ಅಲ್ಲದೆ ಪಕ್ಕದಲ್ಲಿ ಮಲಗಿದ ಮಗುವಿಗೂ ಉಬ್ಬಸ ಇರುವ ಅಜ್ಜಿಗೂ ಸೇರುತ್ತದೆ.

ಪರಿಹಾರ ಸುಲಭ, ಅಗ್ಗ. ಪೇಂಟ್ ಅಂಗಡಿಯಲ್ಲಿ ವಾಟರ್ ಪೇಪರ್ ಸಿಗುತ್ತದೆ. ಅದನ್ನೂ ತುಂಡನ್ನೂ ನೀರಿನಲ್ಲಿ ಅದ್ದಿ ತಿಕ್ಕಿ. ಧೂಳು ಗಾಳಿಗೆ ಏಳದೆ ನೀರಿನಲ್ಲೇ ಉಳಿಯುತ್ತದೆ. ಆ ನೀರನ್ನು ಬಾವಿಯ ಬಳಿಯೋ ಹಳ್ಳಕ್ಕೋ ಚೆಲ್ಲಬೇಡಿ. ಒಂದು ರಾತ್ರಿ ಬಿಟ್ಟರೆ ಧೂಳು ತಳಕ್ಕೆ ಕೂರುತ್ತದೆ. ಮೇಲಿನ ನೀರನ್ನು ಬಟ್ಟೆಯಲ್ಲಿ ಸೋಸಿ ಚೆಲ್ಲಿ, ಉಳಿದ ಕೆಸರನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ. ಮೇಜನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

"ಮೂಗಿಗೆ ಟವೆಲ್ ಕಟ್ಟಿದರೆ ಸಾಕು" ಎಂಬುದು ತಪ್ಪು. ಬಟ್ಟೆಯ ಎಳೆಗಳ ನಡುವಿನ ಸಂದು ಈ ಕಣಗಳಿಗೆ ಹೆಬ್ಬಾಗಿಲು. ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಧೂಳು ತಡೆಯುತ್ತದೆ. ಆದರೆ ತಿನ್ನರ್‌ನ ಆವಿಯನ್ನು ಅದು ತಡೆಯುವುದಿಲ್ಲ.

"ಬೆಲ್ಲ ತಿಂದರೆ ಧೂಳು ಇಳಿಯುತ್ತೆ" ಎಂಬ ಮಾತು ಗಿರಣಿಗಳ ಕಾಲದಿಂದಲೂ ಇದೆ. ಬೆಲ್ಲ ಹೋಗುವುದು ಅನ್ನನಾಳದಲ್ಲಿ ಹೊಟ್ಟೆಗೆ. ಧೂಳು ಹೋಗುವುದು ಶ್ವಾಸನಾಳದಲ್ಲಿ ಶ್ವಾಸಕೋಶಕ್ಕೆ. ದಾರಿಯೇ ಬೇರೆ. ಬೆಲ್ಲವನ್ನು ರುಚಿಗೆ ತಿನ್ನಿ, ಮಾಸ್ಕ್‌ಗೆ ಬದಲಾಗಿ ಬೇಡ.

ಅಂಟು: ಯಾವುದು, ಹೇಗೆ?

ಪ್ಲಾಸ್ಟಿಕ್ ಕಿಟ್‌ನ ಅಂಟು ನಿಜಕ್ಕೂ ಒಂದು ದ್ರಾವಕ. ಅದು ಪಾಲಿಸ್ಟೈರೀನನ್ನು ಸ್ವಲ್ಪ ಕರಗಿಸಿ ಎರಡು ತುಂಡುಗಳನ್ನು ಬೆಸೆಯುತ್ತದೆ. ರೆಸಿನ್ ಅದರಲ್ಲಿ ಕರಗುವುದಿಲ್ಲ, ಆದ್ದರಿಂದ ಅಂಟುವುದೂ ಇಲ್ಲ. ರೆಸಿನ್‌ಗೆ ಬೇಕಾದದ್ದು ಸೂಪರ್ ಗ್ಲೂ, ಅಂದರೆ ಊರಲ್ಲಿ ಎಲ್ಲರೂ ಫೆವಿಕ್ವಿಕ್ ಎನ್ನುವಂಥದ್ದು, ಇಲ್ಲವೇ ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ. ಅಂಟಿಸುವ ಮೊದಲು ರೆಸಿನ್ ಭಾಗಗಳನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಸವರಿದ ಎಣ್ಣೆಯಂಥ ವಸ್ತು ಮೇಲೆ ಉಳಿದಿದ್ದರೆ ಅಂಟೂ ಹಿಡಿಯದು, ಬಣ್ಣವೂ ಹಿಡಿಯದು. ರೆಕ್ಕೆ ಸೊಟ್ಟಗಾಗಿದ್ದರೆ ಬಿಸಿ ನೀರಿನಲ್ಲಿ ಅದ್ದಿ, ಮೆತ್ತಗಾದಾಗ ನೇರ ಮಾಡಿ, ತಣ್ಣೀರಿಗೆ ಹಾಕಿ. ಒಲೆಯ ಮೇಲೆ ಹಿಡಿಯಬೇಡಿ.

ಸೂಪರ್ ಗ್ಲೂ ಗಟ್ಟಿಯಾಗುವುದು ಗಾಳಿಯ ತೇವದಿಂದ. ಮಲೆನಾಡಿನ ಮಳೆಗಾಲದಲ್ಲಿ ಅದು ಬೇಗ ಹಿಡಿಯುತ್ತದೆ. ಸುತ್ತಲೂ ಬಿಳಿ ಬೂಷ್ಟಿನಂಥ ಕಲೆ ಬಿಡುವುದೂ ಹೆಚ್ಚು. ಹಾಗಾಗಿ ಮೊದಲು ಅಂಟಿಲ್ಲದೆ ಜೋಡಿಸಿ ನೋಡಿ, ಆಮೇಲೆ ಹನಿ ಹಾಕಿ. ಪಾರದರ್ಶಕ ಗಾಜಿನಂಥ ಭಾಗಕ್ಕೆ ಇದು ಬೇಡ. ಚೆಲ್ಲಿದ ಸೂಪರ್ ಗ್ಲೂವನ್ನು ಹತ್ತಿಯಿಂದ ಒರೆಸಲೇಬೇಡಿ. ಹತ್ತಿಯ ಜೊತೆ ಸೇರಿದಾಗ ಅದು ಜೋರಾಗಿ ಬಿಸಿಯಾಗುತ್ತದೆ, ಚರ್ಮ ಸುಡಬಹುದು.

ವಿಮಾನ ಹಿಂದಕ್ಕೆ ವಾಲದಿರಲು ಮೂತಿಯೊಳಗೆ ಭಾರ ಇಡುವುದು ರೂಢಿ. ಅದಕ್ಕೆ ಗಾಳದ ಸೀಸದ ಗುಂಡು ಬೇಡ. ಸೀಸ ಮಕ್ಕಳ ಮಿದುಳಿಗೆ ಹಾನಿ ಮಾಡುವ ಲೋಹ. ಹಳೆಯ ಬೇರಿಂಗ್‌ನ ಉಕ್ಕಿನ ಗುಂಡು ಅಥವಾ ಸಣ್ಣ ನಟ್ಟು ಸಾಕು.

ಬಣ್ಣ, ತಿನ್ನರ್ ಮತ್ತು ಬಚ್ಚಲು ಒಲೆ

ತೇವ ಹೆಚ್ಚಿರುವ ದಿನ ಲ್ಯಾಕರ್ ಬಣ್ಣ ಹೊಡೆದರೆ ಮೇಲ್ಮೈ ಬೆಳ್ಳಗೆ ಮಂಕಾಗುತ್ತದೆ. ತಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ಕೂರುವುದೇ ಕಾರಣ. ಬಣ್ಣ ಕೆಟ್ಟದ್ದು ಎಂದು ಬೈಯಬೇಕಿಲ್ಲ, ಮಳೆ ಬಿಟ್ಟ ದಿನಕ್ಕೆ ಕಾಯಿರಿ. ಅಥವಾ ನೀರು ಬೆರೆಸುವ ಅಕ್ರಿಲಿಕ್ ಬಣ್ಣ ಬಳಸಿ.

"ಬೇಗ ಆರಲಿ" ಎಂದು ಬಣ್ಣದ ಮಾದರಿಯನ್ನು ಬಚ್ಚಲು ಒಲೆಯ ಹತ್ತಿರವೋ ಅಡಿಕೆ ಬೇಯಿಸುವ ಒಲೆಯ ಪಕ್ಕವೋ ಇಡುವುದು ಇಡೀ ಕೆಲಸದಲ್ಲಿ ಅತಿ ದೊಡ್ಡ ಅಪಾಯ. ತಿನ್ನರ್‌ನ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು ದೂರದ ಕಿಡಿಯವರೆಗೂ ಹೋಗಿ ಹೊತ್ತಿಕೊಳ್ಳಬಲ್ಲದು. ದೇವರ ದೀಪವೂ ಕಿಡಿಯೇ.

ಉಳಿದ ರೆಸಿನ್ ಚೂರುಗಳನ್ನು ಒಲೆಗೆ ಹಾಕುವ ಅಭ್ಯಾಸವೂ ಬೇಡ. ಪಾಲಿಯುರೆಥೇನ್ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲಗಳು ಬರುತ್ತವೆ. ಕೈಯಲ್ಲಿದ್ದಾಗ ಸಾಧುವಾದ ತುಂಡು ಬೆಂಕಿಯಲ್ಲಿ ನಿಜಕ್ಕೂ ವಿಷವಾಗುತ್ತದೆ.

ಇಷ್ಟಕ್ಕೆಲ್ಲ ಒಳ್ಳೆಯ ಜಾಗ ಯಾವುದು? ಒಲೆಯಿಂದ ದೂರವಿರುವ, ಒಂದು ಬದಿ ತೆರೆದ ಜಗಲಿ. ಗಾಳಿ ಆಡುತ್ತದೆ, ಬೆಳಕೂ ಇರುತ್ತದೆ.

ಏನಾದರೂ ಆದರೆ?

ಕಮ್ಮರಡಿಯಂಥ ಊರಿನಿಂದ ಆಸ್ಪತ್ರೆ ತಲುಪಲು ಹೊತ್ತು ಹಿಡಿಯುತ್ತದೆ. ಮನೆಯಲ್ಲೇ ಮಾಡಬೇಕಾದದ್ದು ಗೊತ್ತಿರಲಿ.

• ಬೆರಳು ಅಂಟಿಕೊಂಡರೆ: ಎಳೆಯಬೇಡಿ. ಉಗುರುಬೆಚ್ಚನೆಯ ಸೋಪಿನ ನೀರಿನಲ್ಲಿ ನೆನೆಸಿ, ಮೆಲ್ಲಗೆ ಉರುಳಿಸಿ ಬಿಡಿಸಿ.
• ಕಣ್ಣಿಗೆ ಅಂಟು ಬಿದ್ದರೆ: ಶುದ್ಧ ನೀರಿನಿಂದ ತೊಳೆಯುತ್ತಿರಿ. ರೆಪ್ಪೆಯನ್ನು ಬಲವಂತವಾಗಿ ಬಿಡಿಸಬೇಡಿ. ಉಗುರುಬಣ್ಣ ತೆಗೆಯುವ ದ್ರವ ಹಾಕಲೇಬೇಡಿ. ಒದ್ದೆ ಬಟ್ಟೆ ಮುಚ್ಚಿ ಕಣ್ಣಿನ ವೈದ್ಯರ ಬಳಿ ಹೋಗಿ.
• ಕೆಲಸ ಮಾಡುವಾಗ ತಲೆಸುತ್ತು, ವಾಕರಿಕೆ ಬಂದರೆ: ತಕ್ಷಣ ಹೊರಗೆ ಗಾಳಿಗೆ ಬನ್ನಿ.
• ಮಗು ತಿನ್ನರ್ ಕುಡಿದರೆ: ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಬಾಟಲಿಯ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ.
• ಉಸಿರಾಟದ ತೊಂದರೆ ಆದರೆ: 108ಕ್ಕೆ ಕರೆ ಮಾಡಿ.

ಕೊನೆಗೆ

ವಿಮಾನದ ಮಾದರಿ ಕಟ್ಟುವುದು ಒಳ್ಳೆಯ ಹವ್ಯಾಸ. ಅಳತೆ, ಭಾಗಾಕಾರ, ಇತಿಹಾಸ, ತಾಳ್ಮೆ ನಾಲ್ಕನ್ನೂ ಒಟ್ಟಿಗೆ ಕಲಿಸುತ್ತದೆ. "ರೆಸಿನ್ ವಿಷ, ಬಿಸಾಡಿ" ಎಂಬ ಫಾರ್ವರ್ಡ್ ನಂಬಿ ಮಕ್ಕಳ ಕೈಯಿಂದ ಅದನ್ನು ಕಿತ್ತುಕೊಳ್ಳಬೇಕಿಲ್ಲ. ಕೊಯ್ಯುವ, ಅಂಟಿಸುವ, ಬಣ್ಣ ಹೊಡೆಯುವ ಕೆಲಸದಲ್ಲಿ ದೊಡ್ಡವರು ಪಕ್ಕದಲ್ಲಿ ಕೂರಲಿ. ಮನೆಯ ಗುಂಪಿಗೆ ಏನಾದರೂ ಕಳಿಸಬೇಕೆಂದಿದ್ದರೆ ಈ ನಾಲ್ಕು ಮಾತು ಕಳಿಸಿ: ಒದ್ದೆ ಮಾಡಿ ತಿಕ್ಕಿ, ಜಗಲಿಯಲ್ಲಿ ಕೂರಿ, ಬೆಂಕಿಯಿಂದ ದೂರವಿರಿ, ಚೂರು ಸುಡಬೇಡಿ.