ಟೆಕ್ಸಾಸ್ ಡೈರಿ, ಭಾಗ 14: ಊರಿನ ಹೆಸರಿನ ಹಡಗು

ಹೋದ ವಾರ ಪೂರ್ತಿ ನೈಟ್ ಡ್ಯೂಟಿ, ಬರೆಯೋಕಾಗಲಿಲ್ಲ. ರಜೆ ಸಿಕ್ಕಿದ ದಿನ ಆಸ್ಟಿನ್‌ನ ದ ಡೊಮೇನ್ ಹತ್ತಿರದ ನಮ್ಮ ಮನೆಯಿಂದ ಹ್ಯೂಸ್ಟನ್‌ಗೆ ಹೋಗಿದ್ವಿ. ಅಲ್ಲಿ ಸ್ಯಾಮ್ ಹ್ಯೂಸ್ಟನ್ ಪಾರ್ಕಿನಲ್ಲಿ ಒಂದು ಸ್ಮಾರಕ, ಅದರ ಮೇಲೆ ಹಡಗಿನ ಗಂಟೆ.

ಆ ಯುದ್ಧನೌಕೆಯ ಹೆಸರೂ ಹ್ಯೂಸ್ಟನ್. 1942ರ ಮಾರ್ಚ್ 1ರಂದು, ಮಧ್ಯರಾತ್ರಿ ಕಳೆದ ಮೇಲೆ, ಜಾವಾ ದ್ವೀಪದ ಹತ್ತಿರ ಜಪಾನಿನವರು ಅದನ್ನು ಮುಳುಗಿಸಿದರು. ಜಪಾನಿನ ಸೇನೆ 1931ರಲ್ಲಿ ಮಂಚೂರಿಯಾ ಹಿಡಿದು, 1937ರಿಂದ ಚೀನಾದ ಒಳಗೆ ನುಗ್ಗುತ್ತಿತ್ತು. 1941ರಲ್ಲಿ ಅಮೆರಿಕ ಎಣ್ಣೆ ಕೊಡುವುದು ನಿಲ್ಲಿಸಿತು. (ಅಲ್ಲಿಯವರೆಗೆ ಅವರ ಎಣ್ಣೆ ಬಹುಪಾಲು ಹೋಗ್ತಿದ್ದದ್ದು ಅಮೆರಿಕದಿಂದಲೇ!) ಆಮೇಲೆ ಜಾವಾ, ಸುಮಾತ್ರಾ ಕಡೆಯ ಎಣ್ಣೆ ಬಾವಿಗಳ ಮೇಲೆ ಕಣ್ಣು ಬಿತ್ತು.

ಸುದ್ದಿ ತಿಳಿದ ಹ್ಯೂಸ್ಟನ್ ನಗರದಲ್ಲಿ ಮೇ 30ರಂದು ಸಾವಿರ ಹುಡುಗರು ಪೇಟೆ ಬೀದಿಯಲ್ಲೇ ಸಾಲಾಗಿ ನಿಂತು ನೌಕಾಪಡೆ ಸೇರಿದರು. ಹೊಸ ಹಡಗಿಗೆಂದು ಜನ ಕೂಡಿಸಿದ ಬಾಂಡ್ ದುಡ್ಡು ಇನ್ನೊಂದು ವಿಮಾನವಾಹಕ ಹಡಗಿಗೂ ಸಾಲುವಷ್ಟಾಯಿತು. ಆ ಹುಡುಗರಲ್ಲಿ ಎಷ್ಟು ಜನಕ್ಕೆ ಮಂಚೂರಿಯಾ ಎಲ್ಲಿದೆ ಅಂತ ಗೊತ್ತಿತ್ತೋ! ನಮ್ಮೂರ ಹಡಗು ಮುಳುಗಿಸಿದ್ರಲ್ಲ ಅನ್ನೋ ಸಿಟ್ಟೇ ಸಾಕಾಗಿತ್ತು ಅನ್ಸುತ್ತೆ.

ಹಡಗಿನಲ್ಲಿದ್ದ ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಉಳಿದವರು 368. ಅವರೆಲ್ಲ ಸೆರೆಯಾಳುಗಳಾದರು, ಬಹಳ ಜನರನ್ನು ಬರ್ಮಾ–ಥಾಯ್ಲೆಂಡ್ ರೈಲು ದಾರಿ ಹಾಕಲು ಕಾಡಿಗೆ ಕಳಿಸಿದರು. ಕಾಲರಾ, ಭೇದಿ, ಮಲೇರಿಯಾ. ಬಿದಿರು ಗೀರಿದ ಗಾಯ ಕೊಳೆತು ಮೂಳೆ ಕಾಣುವಂಥ ಹುಣ್ಣು. ದಿನಾ ಡ್ರೆಸ್ಸಿಂಗ್ ಮಾಡುವ ನನಗೇ ಅದನ್ನು ಓದೋಕೆ ಕಷ್ಟವಾಯಿತು. ಅದೇ ದಾರಿಯಲ್ಲಿ ಮಲಯಾದ ರಬ್ಬರ್ ತೋಟಗಳಿಂದ ತಂದ ತಮಿಳು ಕೂಲಿಗಳು ಸಾವಿರಾರು ಮಂದಿ ಸತ್ತರು. ಏಷ್ಯಾ ಏಷ್ಯಾದವರಿಗೇ ಅಂತ ಜಪಾನ್ ಸಾರುತ್ತಿದ್ದ ಕಾಲದಲ್ಲೇ ಇದು ನಡೆದದ್ದು.

ಅಪ್ಪಾಜಿ, ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರ ವಿಷಯ ಕೇಳ್ತೀರಿ ಅಂತ ಗೊತ್ತು. ಅವರು ಬರ್ಮಾದ ಅರಾಕಾನಿನಲ್ಲಿ ಜಪಾನಿನ ವಿರುದ್ಧ ಹೋರಾಡಿದರು, ಅದೂ ನಮ್ಮನ್ನು ಆಳುತ್ತಿದ್ದ ಬ್ರಿಟಿಷರ ಸೈನ್ಯದಲ್ಲಿ. ಒಡಹುಟ್ಟಿದ ಪೊನ್ನಪ್ಪನವರು ಸಿಂಗಾಪುರದಲ್ಲಿ ಸೆರೆಸಿಕ್ಕಿ, ಬ್ರಿಟಿಷರನ್ನು ಓಡಿಸಬೇಕೆಂದು ಜಪಾನಿನ ಬೆಂಬಲವಿದ್ದ ಐಎನ್‌ಎ ಸೇರಿದರು. ಒಂದೇ ಮನೆಯ ಇಬ್ಬರು! ಹ್ಯೂಸ್ಟನ್ ಹುಡುಗರಿಗೆ ಇಂಥ ಇಕ್ಕಟ್ಟು ಇರಲಿಲ್ಲ. ಆ ರೈಲು ದಾರಿಯ ಕಥೆ ಓದಿದ ಮೇಲೆ ನನ್ನ ಮನಸ್ಸು ತಿಮ್ಮಯ್ಯನವರ ಕಡೆಗೇ. ಪೊನ್ನಪ್ಪನವರನ್ನು ತಪ್ಪು ಅನ್ನೋಕೂ ಬಾಯಿ ಬರಲ್ಲ.

ಮಡಿಕೇರಿಯ ಸನ್ನಿ ಸೈಡ್ ಮ್ಯೂಸಿಯಂ ನಾನಿನ್ನೂ ನೋಡಿಲ್ಲ. ಹೋದವರು ಫೋಟೋ ಹಾಕಿ, ಪೊನ್ನಪ್ಪನವರ ಬಗ್ಗೆ ಅಲ್ಲೇನಾದ್ರೂ ಇದ್ರೆ ತಿಳಿಸಿ.