ವ್ರತದ ರೊಟ್ಟಿಯೂ ಬೆಣ್ಣೆಯ ಅಪ್ಪಣೆಯೂ

ಹಬ್ಬದ ಭಕ್ಷ್ಯಗಳ ಹಿಂದೆ ಹಲವೊಮ್ಮೆ ವ್ರತದ ಇತಿಹಾಸವಿರುತ್ತದೆ. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಡ್ರೆಸ್ಡೆನ್ ನಗರದಲ್ಲಿ ಕ್ರಿಸ್‌ಮಸ್ ಹಬ್ಬಕ್ಕಾಗಿ ಮಾಡುವ 'ಷ್ಟೋಲನ್' ಎಂಬ ಕೇಕು ಇದಕ್ಕೊಂದು ನಿದರ್ಶನ. ಬೆಣ್ಣೆ, ಒಣದ್ರಾಕ್ಷಿ, ಬಾದಾಮಿ, ಪಾಕದಲ್ಲಿ ಹಾಕಿದ ಕಿತ್ತಳೆ ಮತ್ತು ನಿಂಬೆಯ ಸಿಪ್ಪೆ ಇವುಗಳಿಂದ ಕೂಡಿ ಮೇಲೆ ಸಕ್ಕರೆಪುಡಿಯನ್ನು ಹೊದ್ದಿರುವ ಈ ಭಕ್ಷ್ಯವನ್ನು, ಬಟ್ಟೆಯಲ್ಲಿ ಸುತ್ತಿದ ಶಿಶು ಯೇಸುವಿನ ಸಂಕೇತವೆಂದು ಅಲ್ಲಿಯವರು ಭಾವಿಸುತ್ತಾರೆ.

ಡ್ರೆಸ್ಡೆನ್ನಿನ ಒಂದು ಧರ್ಮಾರ್ಥ ಆಸ್ಪತ್ರೆಯ 1474ರ ಲೆಕ್ಕಪತ್ರದಲ್ಲಿ ಇದರ ಉಲ್ಲೇಖ ಬರುತ್ತದೆ. ಆಗ ಇದು ಸಿಹಿಭಕ್ಷ್ಯವಲ್ಲ, ಉಪವಾಸಕಾಲದ ಸಪ್ಪೆ ರೊಟ್ಟಿ. ಕ್ರಿಸ್‌ಮಸ್ಸಿಗೆ ಮುಂಚಿನ ಆ ವಾರಗಳಲ್ಲಿ ಹಾಲು ಬೆಣ್ಣೆಗಳು ವರ್ಜ್ಯವಾಗಿದ್ದುದರಿಂದ ಹಿಟ್ಟು, ನೀರು, ಎಣ್ಣೆಗಳಲ್ಲಿಯೇ ತೃಪ್ತರಾಗಬೇಕಿತ್ತು. ರಸಪರಿತ್ಯಾಗವೆಂಬ ತಪಸ್ಸನ್ನು ಬಲ್ಲವರಿಗೆ ಈ ನಿಯಮದ ಆಶಯವು ಅಪರಿಚಿತವೇನಲ್ಲ.

ಆದರೆ ಆಲಿವ್ ಬೆಳೆಯದ ಆ ಚಳಿಯ ನಾಡಿನಲ್ಲಿ ಒಳ್ಳೆಯ ಎಣ್ಣೆ ದುರ್ಲಭವಾಗಿತ್ತು. ಅಲ್ಲಿಯ ಅರಸರು ಪೋಪರಲ್ಲಿ ವಿನಾಯಿತಿಗಾಗಿ ಮೊರೆಯಿಟ್ಟರು. 1491ರಲ್ಲಿ ಪೋಪ್ ಎಂಟನೆಯ ಇನ್ನೊಸೆಂಟ್ ಬೆಣ್ಣೆಯ ಬಳಕೆಗೆ ಅನುಮತಿಯಿತ್ತರು. ಅದಕ್ಕೆ 'ಬೆಣ್ಣೆಯ ಪತ್ರ'ವೆಂದೇ ಹೆಸರಾಯಿತು. ಅನುಮತಿಯ ಜೊತೆಗೆ ಪ್ರಾಯಶ್ಚಿತ್ತದ ಹಣವನ್ನು ಸಲ್ಲಿಸಬೇಕೆಂಬ ಷರತ್ತಿತ್ತು. 1484ರ ಬೆಂಕಿಯಲ್ಲಿ ಹಾಳಾಗಿದ್ದ ಫ್ರೈಬರ್ಗ್ ನಗರದ ಚರ್ಚಿನ ನಿರ್ಮಾಣಕ್ಕೆ ಇಂತಹ ಹಣವು ವಿನಿಯೋಗವಾಯಿತು.

ಇಲ್ಲಿಯೇ ವಿಚಾರಣೀಯವಾದ ಅಂಶವಿದೆ. ಜನರ ಕಷ್ಟವು ನಿಜವಾಗಿದ್ದರೆ ವಿನಾಯಿತಿ ಎಲ್ಲರಿಗೂ ಸಲ್ಲತಕ್ಕದ್ದು. ನಿಯಮವು ಆತ್ಮಹಿತಕ್ಕೆ ಅವಶ್ಯವಾಗಿದ್ದರೆ ಅದು ಹಣದಿಂದ ಸಡಿಲಗೊಳ್ಳಬಾರದು. ಉಳ್ಳವನಿಗೆ ಅಪ್ಪಣೆ, ಇಲ್ಲದವನಿಗೆ ವ್ರತ ಎಂದಾದರೆ ವ್ರತವು ಸಂಯಮವಾಗಿ ಉಳಿಯದೆ ಬಡತನದ ಗುರುತಾಗುತ್ತದೆ. 1520ರಲ್ಲಿ ಮಾರ್ಟಿನ್ ಲೂಥರ್ ಇಂತಹ ಅಪ್ಪಣೆಗಳ ಮಾರಾಟವನ್ನು ಕಟುವಾಗಿ ಖಂಡಿಸಿದನು.

ಮುಂದೆ ರೊಟ್ಟಿಯು ವೈಭವದ ಭಕ್ಷ್ಯವಾಯಿತು. 1730ರಲ್ಲಿ ದೊರೆ ಆಗಸ್ಟಸನು ಝೈಟ್‌ಹೈನಿನ ಸೇನಾಶಿಬಿರದ ಔತಣಕ್ಕೆ ಸುಮಾರು 18 ಕ್ವಿಂಟಲ್ ತೂಕದ ಕೇಕನ್ನು ಮಾಡಿಸಿದನು. ಅದರ ಸ್ಮರಣೆಯಲ್ಲಿ 1994ರಲ್ಲಿ ನಗರದ ಷ್ಟೋಲನ್ ಉತ್ಸವವು ಆರಂಭವಾಯಿತು. ಬೃಹತ್ ಕೇಕಿನ ಮೆರವಣಿಗೆ ನಡೆದು, ಬಳಿಕ ಅದನ್ನು ತುಂಡುಮಾಡಿ ಮಾರಲಾಗುತ್ತದೆ. 2010ರಲ್ಲಿ ಯುರೋಪಿಯನ್ ಒಕ್ಕೂಟವು ಈ ಹೆಸರಿಗೆ ಭೌಗೋಳಿಕ ರಕ್ಷಣೆಯನ್ನು ನೀಡಿತು. ಈಗಿನ ನಿಯಮದಂತೆ 100 ಕಿಲೋ ಹಿಟ್ಟಿಗೆ ಕನಿಷ್ಠ 50 ಕಿಲೋ ಬೆಣ್ಣೆ ಇರಲೇಬೇಕು. ಅಂದು ನಿಷಿದ್ಧವಾಗಿದ್ದುದೇ ಇಂದು ಕಡ್ಡಾಯ!

ಹಬ್ಬದ ಸಂತೋಷವು ದೋಷವಲ್ಲ, ಧರ್ಮಾಯತನಗಳಿಗೆ ಧನವೂ ಬೇಕು. ಆದರೆ ಭಕ್ತಿಯ ದಾನವನ್ನೂ ನಿಯಮಭಂಗದ ಬೆಲೆಯನ್ನೂ ಒಂದೇ ಖಾತೆಗೆ ಜಮಾ ಮಾಡಿದಲ್ಲಿ ಕಟ್ಟಡವು ಎದ್ದೀತು, ವ್ರತವು ಕುಸಿದೀತು. ಧರ್ಮಸಂಸ್ಥೆಗಳ ಲೆಕ್ಕ ಬರೆಯುವವರು ನೆನಪಿಡಬೇಕಾದ ಮಾತಿದು.