ಐಎಲ್-6 ಅಂಕಿಯ ಹಿಂದಿರುವ ಪ್ರತಿಕಾಯ

2021ರ ಕೋವಿಡ್ ಎರಡನೇ ಅಲೆಯಲ್ಲಿ ಐಎಲ್-6 (ಇಂಟರ್‌ಲ್ಯೂಕಿನ್-6) ಎಂಬ ಸೈಟೊಕೈನ್‌ನ, ಅಂದರೆ ಕೋಶಗಳ ನಡುವೆ ಸಂದೇಶ ಒಯ್ಯುವ ಪ್ರೋಟೀನಿನ, ಹೆಸರು ಪ್ರಯೋಗಾಲಯದ ಹೊಸ್ತಿಲು ದಾಟಿ ಮನೆಮನೆಯ ವಾಟ್ಸಾಪ್‌ಗೆ ಬಂತು. ರಿಪೋರ್ಟಿನಲ್ಲಿ ಅಂಕಿ ಕೊಂಚ ಏರಿದ್ದರೆ ಸಾಕು, ‘ಸೈಟೊಕೈನ್ ಬಿರುಗಾಳಿ’ ಎಂದು ತೀರ್ಮಾನಿಸಿ ಜನ ಟೊಸಿಲಿಜುಮ್ಯಾಬ್ ಎಂಬ ಔಷಧಿಗಾಗಿ ಊರೆಲ್ಲ ಅಲೆದರು. ಆ ಅಂಕಿಯನ್ನು ಕೊಟ್ಟ ಪ್ರತಿಕಾಯ ಯಾವುದು, ಅದು ಪ್ರೋಟೀನಿನ ಯಾವ ಭಾಗವನ್ನು ಹಿಡಿಯುತ್ತದೆ ಎಂದು ಕೇಳಿದವರು ವಿರಳ. ಹೀಗೆ ಕೇಳದೆ ಬಿಡುವ ಚಾಳಿ ಶುರುವಾದದ್ದು ರೋಗಿಗಳಿಂದಲ್ಲ, ನಮ್ಮಂಥ ಸಂಶೋಧಕರಿಂದಲೇ.

ಪ್ರತಿಕಾಯಗಳ ಕಥೆಯ ಮೊದಲ ಅಧ್ಯಾಯಗಳು ಎಲ್ಲ ಪಠ್ಯಪುಸ್ತಕಗಳಲ್ಲೂ ಇವೆ. 1890ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಸೀರಮ್‌ಗೆ ರೋಗಾಣುವಿನ ವಿಷವನ್ನು ಅಡಗಿಸುವ ಶಕ್ತಿಯಿದೆಯೆಂದು ತೋರಿಸಿದರು. ಯಾಲೊ ಮತ್ತು ಬರ್ಸನ್ ಪ್ರತಿಕಾಯ ಹಾಗೂ ವಿಕಿರಣಶೀಲ ಅಯೋಡಿನ್ ಬಳಸಿ ಇನ್ಸುಲಿನ್ ಅಳೆದರು. 1971ರಲ್ಲಿ ಸ್ಟಾಕ್‌ಹೋಮಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ವಿಕಿರಣದ ಜಾಗಕ್ಕೆ ಕಿಣ್ವವನ್ನು ತಂದು ಎಲೈಸಾ ರೂಪಿಸಿದರು. 1975ರಲ್ಲಿ ಕೇಂಬ್ರಿಜ್‌ನ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಯುವ ಹೈಬ್ರಿಡೋಮಾ ವಿಧಾನ ಕಂಡುಹಿಡಿದರು. ಆ ವಿಧಾನಕ್ಕೆ ಪೇಟೆಂಟ್ ಆಗಲಿಲ್ಲ. ಬ್ರಿಟನ್ನಿನಲ್ಲಿ ಅದನ್ನು ಪ್ರಮಾದವೆಂದು ಬೈದುಕೊಂಡರು, ಬಡ ಪ್ರಯೋಗಾಲಯಗಳಿಗೆ ಅದರಿಂದ ಉಪಕಾರವೇ ಆಯಿತು.

ನಮ್ಮ ತಲೆಮಾರು ಕಣ್ಣುಬಿಟ್ಟಾಗ ಐಎಲ್-6ಗೆ ಲ್ಯಾಬಿಗೊಂದು ಹೆಸರಿತ್ತು. ಬಿ ಕೋಶಗಳನ್ನು ಪಕ್ವಗೊಳಿಸುವ ಅಂಶ ಎಂದು ಒಬ್ಬರು, ಬೀಟಾ-2 ಇಂಟರ್‌ಫೆರಾನ್ ಎಂದು ಇನ್ನೊಬ್ಬರು, ಯಕೃತ್ತಿನ ಕೋಶಗಳ ಪ್ರಚೋದಕ ಎಂದು ಮತ್ತೊಬ್ಬರು. 1986ರಲ್ಲಿ ಒಸಾಕದ ಹಿರಾನೊ ಮತ್ತು ಕಿಶಿಮೊಟೊ ತಂಡ ಅದರ ಜೀನ್ ರಚನೆಯನ್ನು ಪ್ರಕಟಿಸಿತು. ಇವೆಲ್ಲ ಒಂದೇ ಪ್ರೋಟೀನ್ ಎಂಬುದು ಬಯಲಾದದ್ದು ಅಲ್ಲಿಂದ ಮುಂದೆ. ಅಳೆಯುವುದಕ್ಕೆ ಬಿ9 ಎಂಬ ಇಲಿಯ ಕೋಶಗಳಿದ್ದವು, ಐಎಲ್-6 ಸಿಗದಿದ್ದರೆ ಅವು ಬೆಳೆಯುವುದಿಲ್ಲ. ರೋಗಿಯ ಸೀರಮ್ ಹಾಕಿ, ಕೆಲವು ದಿನ ಕಾದು, ಬೆಳವಣಿಗೆ ನೋಡುವುದು. ಐಎಲ್-6 ವಿರುದ್ಧದ ಪ್ರತಿಕಾಯ ಬೆರೆಸಿದಾಗ ಆ ಬೆಳವಣಿಗೆ ನಿಂತರೆ ಮಾತ್ರ ಫಲಿತಾಂಶವನ್ನು ನಂಬುವುದು. ಕೋಶಗಳಿಗೆ ಬೂಷ್ಟು ಹಿಡಿದರೆ ವಾರದ ಕೆಲಸ ನೀರುಪಾಲು. ಆದರೂ ಅದು ಪ್ರೋಟೀನ್ ಮಾಡುವ ಕೆಲಸವನ್ನೇ ಅಳೆಯುತ್ತಿತ್ತು. ಅಷ್ಟು ಪ್ರಾಮಾಣಿಕ ಪರೀಕ್ಷೆ ಆಮೇಲೆ ಬಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ, ಹಳಬರ ಹಟ ಎಂದು ಬೇಕಾದರೆ ಕರೆಯಿರಿ.

ಬಳಿಕ ಬಂದ ಸ್ಯಾಂಡ್‌ವಿಚ್ ಎಲೈಸಾಕ್ಕೆ ಎರಡು ಪ್ರತಿಕಾಯ ಬೇಕು. ಮೊದಲನೆಯದನ್ನು 96 ಗುಳಿಗಳ ಪ್ಲೇಟಿಗೆ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಬೇಕು. ಬೆಳಗ್ಗೆ ತೊಳೆದು, ಖಾಲಿ ಜಾಗವನ್ನು ಬೇರೊಂದು ಪ್ರೋಟೀನಿನಿಂದ ಮುಚ್ಚಿ, ಸೀರಮ್ ಹಾಕಬೇಕು. ಸಿಕ್ಕಿಬಿದ್ದ ಐಎಲ್-6ನ ಇನ್ನೊಂದು ಪಕ್ಕವನ್ನು ಬಯೋಟಿನ್ ಅಂಟಿಸಿದ ಎರಡನೇ ಪ್ರತಿಕಾಯ ಹಿಡಿಯುತ್ತದೆ. ಕೊನೆಗೆ ಕಿಣ್ವ, ಅದರಿಂದ ಬಣ್ಣಕ್ಕೆ ತಿರುಗುವ ಟಿಎಂಬಿ. ನೀಲಿ ಬಣ್ಣ ಏರುತ್ತದೆ, ಆಮ್ಲ ಹಾಕಿದೊಡನೆ ಹಳದಿಯಾಗುತ್ತದೆ, ಯಂತ್ರ ಅದನ್ನು 450 ನ್ಯಾನೊಮೀಟರಿನಲ್ಲಿ ಓದುತ್ತದೆ. ಯಾವ ಪ್ರತಿಕಾಯಕ್ಕೆ ಯಾವುದು ಜೋಡಿ ಎಂದು ಹುಡುಕುವುದರಲ್ಲೇ ನಮ್ಮ ಕಾಲದವರ ತಿಂಗಳುಗಳು ಕಳೆಯುತ್ತಿದ್ದವು. ಈಗಿನವರು ಕಿಟ್ ಬಿಚ್ಚುತ್ತಾರೆ, ಒಳಗಿನ ಕ್ಲೋನ್ (ಪ್ರತಿಕಾಯದ ಮೂಲ ಕೋಶವಂಶ) ಯಾವುದೆಂದು ಕಂಪನಿ ಎಷ್ಟೋ ಸಲ ಹೇಳುವುದೇ ಇಲ್ಲ.

ಇದು ಸಣ್ಣ ವಿಷಯವಲ್ಲ. ರಕ್ತದಲ್ಲಿ ಐಎಲ್-6 ಒಂಟಿಯಾಗಿ ಮಾತ್ರ ಇರುವುದಿಲ್ಲ, ರಕ್ತದಲ್ಲಿ ಕರಗಿದ ತನ್ನ ಗ್ರಾಹಿಗಳಿಗೂ (ರಿಸೆಪ್ಟರ್) ಅಂಟಿಕೊಂಡಿರುತ್ತದೆ. ಗ್ರಾಹಿ ಕೂರುವ ಜಾಗವನ್ನೇ ಹಿಡಿಯುವ ಪ್ರತಿಕಾಯಕ್ಕೆ ಹಾಗೆ ಅಂಟಿಕೊಂಡದ್ದು ಕಾಣುವುದಿಲ್ಲ, ಬೇರೆ ಕಡೆ ಹಿಡಿಯುವುದಕ್ಕೆ ಕಾಣುತ್ತದೆ. ಪ್ರತಿಕಾಯಗಳಿಗೇ ಅಂಟುವ ರೂಮಟಾಯ್ಡ್ ಫ್ಯಾಕ್ಟರ್ ಇರುವ ಸೀರಮ್ ಎರಡೂ ಪ್ರತಿಕಾಯಗಳನ್ನು ತಾನೇ ಬೆಸೆದು ಇಲ್ಲದ ಐಎಲ್-6 ತೋರಿಸಬಲ್ಲದು. ಟೊಸಿಲಿಜುಮ್ಯಾಬ್ ತಡೆಯುವುದು ಗ್ರಾಹಿಯನ್ನು, ಹಾಗಾಗಿ ಅದನ್ನು ಕೊಟ್ಟ ಮೇಲೆ ರಕ್ತದ ಐಎಲ್-6 ಏರುವುದು ನಿರೀಕ್ಷಿತ. ಅದನ್ನು ಕಂಡು ರೋಗ ಉಲ್ಬಣಿಸಿತೆಂದು ಗಾಬರಿಯಾದವರೂ ಇದ್ದರು. ಇದೇ ಔಷಧಿಯನ್ನು 4,116 ಕೋವಿಡ್ ರೋಗಿಗಳಲ್ಲಿ ಪರೀಕ್ಷಿಸಿದ ಬ್ರಿಟನ್ನಿನ ರಿಕವರಿ ಪ್ರಯೋಗವು ಆಯ್ಕೆಗೆ ಐಎಲ್-6 ಅಂಕಿಯನ್ನು ಕೇಳಲೇ ಇಲ್ಲ. ಆಮ್ಲಜನಕದ ಕೊರತೆ ಮತ್ತು ಲೀಟರಿಗೆ 75 ಮಿಲಿಗ್ರಾಂಗೆ ಕಡಿಮೆಯಿಲ್ಲದ ಸಿಆರ್‌ಪಿ (ಉರಿಯೂತ ಸೂಚಿಸುವ ಪ್ರೋಟೀನ್) ಅದಕ್ಕೆ ಸಾಕಾಗಿತ್ತು.

ಮಣಿಗಳ ಮೇಲೆ ಹತ್ತಾರು ಸೈಟೊಕೈನ್‌ಗಳನ್ನು ಒಟ್ಟಿಗೇ ಅಳೆಯುವ ಮಲ್ಟಿಪ್ಲೆಕ್ಸ್ ಈಗಿನ ಫ್ಯಾಶನ್. ಚಿತ್ರಗಳು ಚೆನ್ನಾಗಿರುತ್ತವೆ. ಅದಕ್ಕಿಂತ ಮುಖ್ಯವಾದದ್ದು ಪ್ರತಿಕಾಯಗಳನ್ನು ತಪಾಸಿಸುವ ವೈಕ್ಯಾರೋಸ್ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನ. ನರವಿಜ್ಞಾನಕ್ಕೆ ಸಂಬಂಧಿಸಿದ 65 ಪ್ರೋಟೀನ್‌ಗಳಿಗೆ ಮಾರಾಟದಲ್ಲಿದ್ದ 614 ಪ್ರತಿಕಾಯಗಳನ್ನು, ಆ ಪ್ರೋಟೀನನ್ನೇ ತೆಗೆದುಹಾಕಿದ ಕೋಶಗಳ ಜೊತೆ ಹೋಲಿಸಿ ಅಲ್ಲಿ ಪರೀಕ್ಷಿಸಿದರು. ಗುರಿ ಹಿಡಿಯದ ಪ್ರತಿಕಾಯಗಳನ್ನು ನಂಬಿ ಬರೆದ ಪ್ರಬಂಧಗಳು ಹೇರಳವಾಗಿ ಸಿಕ್ಕವು. ಜೀನ್‌ನಿಂದ ಪ್ರಯೋಗಾಲಯದಲ್ಲಿ ತಯಾರಿಸುವ ರೀಕಾಂಬಿನಂಟ್ ಪ್ರತಿಕಾಯಗಳೇ ಮೇಲೆನಿಸಿದವು. ಸೈಟೊಕೈನ್‌ಗಳಿಗೂ ಇಂಥದೇ ಬಹಿರಂಗ ತಪಾಸಣೆ ಬೇಕು. ನಮ್ಮ ಜನರ ರಕ್ತದಲ್ಲಿ, ಯಾವ ಪ್ರತಿಕಾಯ ಜೋಡಿಗೆ ಎಷ್ಟು ಅಂಕಿ ಸಹಜ ಎಂಬ ಲೆಕ್ಕವೂ ಬೇಕು. ಪೆಟ್ಟಿಗೆಯ ಮೇಲೆ ಅಚ್ಚಾದ ಮಿತಿಯನ್ನೇ ನಂಬಿ ಎಷ್ಟು ದಿನ ನಡೆಯುವುದು?

ಸದ್ಯಕ್ಕೆ ಪಿಎಚ್‌ಡಿ ಮಾರ್ಗದರ್ಶಕರಲ್ಲಿ ಒಂದು ಕೋರಿಕೆ. ಪ್ರಬಂಧದಲ್ಲಿ ಕಿಟ್‌ನ ಹೆಸರು ಬರೆದು ಕೈತೊಳೆದುಕೊಳ್ಳಬೇಡಿ. ಕ್ಲೋನ್, ಲಾಟ್ ಸಂಖ್ಯೆ, ವಿಶ್ವ ಆರೋಗ್ಯ ಸಂಸ್ಥೆಯ 89/548 ಮಾನಕಕ್ಕೆ ಹೋಲಿಸಿದ್ದೀರೋ ಇಲ್ಲವೋ, ರಕ್ತ ತೆಗೆದು ಎಷ್ಟು ಹೊತ್ತಿಗೆ ಸೀರಮ್ ಬೇರ್ಪಡಿಸಿದಿರಿ, ಇಷ್ಟನ್ನೂ ಬರೆಸಿ. ಕಂಪನಿ ಕ್ಲೋನ್ ಹೆಸರು ಹೇಳದಿದ್ದರೆ ಬೇರೆ ಕಂಪನಿಯ ಕಿಟ್ ತರಿಸಿ.